ಕಾರಿನ ಕಂತು ಮತ್ತು ಬಾಯಿಮಾತಿನ ಕರಾರು

ನಮ್ಮವರಲ್ಲಿ ಕಾರಿನ ವ್ಯವಹಾರಗಳು ಬಹುಮಟ್ಟಿಗೆ ಬಾಯಿಮಾತಿನಲ್ಲೇ ನಡೆಯುತ್ತವೆ. ಹಳೆಯ ಕಾರನ್ನು ಪರಿಚಯದವರಿಗೆ ಕೊಟ್ಟು "ಹಣವನ್ನು ತಿಂಗಳು ತಿಂಗಳು ಕೊಟ್ಟರೆ ಸಾಕು" ಎನ್ನುತ್ತೇವೆ. ಊರಿನಿಂದ ಬಂದು ಮುಂಬಯಿಯಲ್ಲಿಯೋ ಪುಣೆಯಲ್ಲಿಯೋ ಹೊಸದಾಗಿ ಉದ್ಯೋಗ ಹಿಡಿದ ಸೋದರಳಿಯನ ಸಂಬಳಕ್ಕೆ ಬ್ಯಾಂಕು ಸಾಲ ಕೊಡದಿದ್ದಾಗ, ಮಾವನ ಹೆಸರಿನಲ್ಲಿ ಸಾಲ ಪಡೆದು ಕಾರು ಕೊಳ್ಳುವುದುಂಟು. ಸಂಘದ ಸಹಸದಸ್ಯರೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವುದೂ ಉಂಟು. ಇಂಥ ಸಂದರ್ಭಗಳಲ್ಲಿ ಕಾಗದ ಕೇಳಲು ದಾಕ್ಷಿಣ್ಯ ಅಡ್ಡ ಬರುತ್ತದೆ. ಕೆಲವು ತಿಂಗಳು ಕಂತು ಸರಿಯಾಗಿ ಬಂದು, ಆಮೇಲೆ ನಿಂತುಹೋದಾಗ "ಬರಹದಲ್ಲಿ ಏನೂ ಇಲ್ಲವಲ್ಲ, ಇನ್ನೇನು ಮಾಡುವುದು" ಎಂದು ಕೈಚೆಲ್ಲಿ ಕೂರುವವರೇ ಹೆಚ್ಚು.

ಹೀಗೆ ಕೈಚೆಲ್ಲಬೇಕಾದ ಅಗತ್ಯವಿಲ್ಲ. ಭಾರತದ ಕಾನೂನಿನಲ್ಲಿ ಬಾಯಿಮಾತಿನ ಕರಾರಿಗೂ ಬೆಲೆಯಿದೆ. ಇಂಥ ಮೊಕದ್ದಮೆಗಳು ಸೋಲುವುದು ಮಾತು ಕರಾರಲ್ಲ ಎಂಬ ಕಾರಣಕ್ಕಲ್ಲ. ಆ ಮಾತನ್ನು ರುಜುವಾತುಪಡಿಸಲಾಗದೆ, ಅಥವಾ ಕಾಲ ಮೀರಿದ್ದರಿಂದ. ಸಾಕ್ಷ್ಯ ಮತ್ತು ಕಾಲಮಿತಿ ಎಂಬ ಈ ಎರಡು ವಿಷಯಗಳನ್ನು ಸಂಬಂಧ ಸವಿಯಾಗಿರುವಾಗಲೇ ನೋಡಿಕೊಳ್ಳುವುದು ಹೇಗೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬಾಯಿಮಾತೂ ಕರಾರೇ

1872ರ ಭಾರತೀಯ ಕರಾರು ಕಾಯಿದೆಯ 10ನೆಯ ಕಲಮಿನ ಪ್ರಕಾರ, ಕರಾರು ಮಾಡಿಕೊಳ್ಳಲು ಅರ್ಹರಾದವರು ಸ್ವಇಚ್ಛೆಯಿಂದ, ನ್ಯಾಯಸಮ್ಮತವಾದ ಪ್ರತಿಫಲಕ್ಕಾಗಿ, ನ್ಯಾಯಸಮ್ಮತವಾದ ಉದ್ದೇಶಕ್ಕಾಗಿ ಮಾಡಿಕೊಂಡ ಒಪ್ಪಂದವೆಲ್ಲವೂ ಕರಾರೇ. ಬೇರೆ ಯಾವುದಾದರೂ ಕಾಯಿದೆ ಬರಹವನ್ನು ಕಡ್ಡಾಯ ಮಾಡಿದ್ದರೆ ಮಾತ್ರ ಬರಹ ಬೇಕು. ವಾಹನ ಚರ ಸ್ವತ್ತು. ಚರ ಸ್ವತ್ತಿನ ಮಾರಾಟಕ್ಕೆ ಅನ್ವಯಿಸುವ 1930ರ ಸರಕು ಮಾರಾಟ ಕಾಯಿದೆಯ 5ನೆಯ ಕಲಂ, ಮಾರಾಟದ ಕರಾರನ್ನು ಬರಹದಲ್ಲಿಯೂ ಮಾಡಬಹುದು, ಬಾಯಿಮಾತಿನಲ್ಲಿಯೂ ಮಾಡಬಹುದು, ನಡವಳಿಕೆಯಿಂದಲೂ ಅದನ್ನು ಗ್ರಹಿಸಬಹುದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ "ಸ್ಟ್ಯಾಂಪ್ ಪೇಪರಿನಲ್ಲಿ ಬರೆದಿಲ್ಲ, ಅದಕ್ಕೆ ಬೆಲೆಯಿಲ್ಲ" ಎಂಬ ಎದುರಾಳಿಯ ಮಾತಿಗೆ ಹೆದರಬೇಕಾಗಿಲ್ಲ.

ಆದರೆ ಒಂದು ಎಚ್ಚರ. ಮನೆಯೊಳಗಿನ ಮಾತುಕತೆಯೆಲ್ಲ ಕರಾರಾಗುವುದಿಲ್ಲ. ಗಂಡ ಹೆಂಡಿರ ನಡುವಣ ಇಂಥ ಮಾತಿನಲ್ಲಿ ಕಾನೂನಿನ ಹೊಣೆ ಹೊರುವ ಉದ್ದೇಶ ಇರಲಿಲ್ಲವೆಂದು 1919ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಬ್ಯಾಲ್ಫರ್ ದಂಪತಿಗಳ ಪ್ರಕರಣದಲ್ಲಿ ತೀರ್ಪಿತ್ತಿತು. ಆ ತತ್ತ್ವವನ್ನು ನಮ್ಮಲ್ಲಿಯೂ ಉದಾಹರಿಸುವುದುಂಟು. "ನಿನಗೊಂದು ಕಾರು ಕೊಡಿಸುತ್ತೇನೆ" ಎಂದು ತಂದೆ ಮಗನಿಗೆ ಹೇಳಿದರೆ ಅದು ವಾತ್ಸಲ್ಯದ ಮಾತು. ಪ್ರತಿಫಲವಿಲ್ಲದ ಇಂಥ ಮಾತನ್ನು ಕರಾರು ಕಾಯಿದೆಯ 25ನೆಯ ಕಲಂ ಸಾಮಾನ್ಯವಾಗಿ ಮಾನ್ಯ ಮಾಡುವುದಿಲ್ಲ. ಬೆಲೆ, ಮುಂಗಡ, ಕಂತಿನ ಮೊತ್ತ, ಕೊಡುವ ದಿನ ಇವು ನಿಶ್ಚಯವಾಗಿದ್ದಷ್ಟೂ ಅದು ವಾತ್ಸಲ್ಯದ ಮಾತಲ್ಲ, ವ್ಯವಹಾರದ ಮಾತು ಎಂದು ತೋರಿಸುವುದು ಸುಲಭವಾಗುತ್ತದೆ. ನೆಂಟಸ್ತಿಕೆಯಲ್ಲಿ ಎದುರಾಳಿಯ ಸಾಮಾನ್ಯ ವಾದವೂ ಇದೇ: "ಅದು ಉಡುಗೊರೆ, ಸಾಲವಲ್ಲ." ಮೊದಲ ಕೆಲವು ಕಂತುಗಳನ್ನು ಕೊಟ್ಟವನು ಆಮೇಲೆ ಈ ವಾದವನ್ನು ಹೂಡುವುದು ಕಷ್ಟ. ಉಡುಗೊರೆಗೆ ಯಾರೂ ಕಂತು ಕಟ್ಟುವುದಿಲ್ಲ.

ವ್ಯವಹಾರ ಯಾವ ಬಗೆಯದು

ಮೊದಲು ತಮ್ಮ ವ್ಯವಹಾರ ಯಾವ ಬಗೆಯದೆಂದು ಗುರುತಿಸಿಕೊಳ್ಳಬೇಕು. ಹೊಣೆ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಮೊದಲನೆಯದು, ಸಾಲವಿಲ್ಲದ ಸ್ವಂತ ಕಾರನ್ನು ಕಂತಿನ ಮೇಲೆ ಮಾರುವುದು. ಇಲ್ಲಿ ಬರಬೇಕಾದದ್ದು ಮಾರಾಟದ ಬೆಲೆಯ ಬಾಕಿ. ಇದು ಎಲ್ಲಕ್ಕಿಂತ ಸರಳ.

ಎರಡನೆಯದು, ಸಾಲ ಇನ್ನೂ ತೀರದ ಕಾರನ್ನು "ಉಳಿದ ಕಂತು ನಾನು ಕಟ್ಟುತ್ತೇನೆ" ಎನ್ನುವವರ ಕೈಗೆ ಕೊಡುವುದು. ಇಲ್ಲಿ ಎರಡು ಬೇರೆ ಬೇರೆ ಕರಾರುಗಳಿವೆ. ಬ್ಯಾಂಕಿಗೂ ಸಾಲಗಾರನಿಗೂ ನಡುವೆ ಬರಹದ ಕರಾರು. ಸಾಲಗಾರನಿಗೂ ಕಾರು ಪಡೆದವನಿಗೂ ನಡುವೆ ಬಾಯಿಮಾತಿನ ಕರಾರು. ಎರಡನೆಯದು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಕಂತು ನಿಂತರೆ ಬ್ಯಾಂಕು ಸಹಿ ಮಾಡಿದವರನ್ನೇ ಕೇಳುತ್ತದೆ. ಅಲ್ಲದೆ ಆರ್.ಸಿ.ಯಲ್ಲಿ ಹೈಪಾಥಿಕೇಶನ್ ದಾಖಲಾಗಿರುವ ತನಕ, 1988ರ ಮೋಟಾರು ವಾಹನ ಕಾಯಿದೆಯ 51ನೆಯ ಕಲಮಿನಂತೆ, ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯಿಲ್ಲದೆ ಒಡೆತನದ ವರ್ಗಾವಣೆ ದಾಖಲಾಗುವುದಿಲ್ಲ. ಬ್ಯಾಂಕಿಗೆ ತಿಳಿಸದೆ ಕಾರನ್ನು ಕೈಬದಲಿಸುವುದು ಸಾಲಪತ್ರದ ಷರತ್ತನ್ನು ಮುರಿದಂತೆಯೂ ಆಗಬಹುದು.

ಮೂರನೆಯದು, ಮೊದಲಿನಿಂದಲೇ ಇನ್ನೊಬ್ಬರಿಗಾಗಿ ತಮ್ಮ ಹೆಸರಿನಲ್ಲಿ ಸಾಲ ಪಡೆಯುವುದು. 6,00,000 ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಲ್ಲಿ 60 ತಿಂಗಳಿಗೆ ಪಡೆದರೆ ತಿಂಗಳ ಕಂತು ಸುಮಾರು 12,455 ರೂಪಾಯಿ. ಕಾರು ಓಡಿಸುವವನು ನಿಲ್ಲಿಸಿದರೆ ಇಷ್ಟು ಹಣ ಪ್ರತಿ ತಿಂಗಳೂ ಹೆಸರು ಕೊಟ್ಟವರ ಖಾತೆಯಿಂದ ಹೋಗಬೇಕು. ಕಂತು ತಪ್ಪಿದರೆ ಸಿಬಿಲ್ ದಾಖಲೆಯಲ್ಲಿ ಮಚ್ಚೆ ಬೀಳುವುದು ಅವರಿಗೇ. ಬಾಕಿ 90 ದಿನ ಮೀರಿದರೆ ಸಾಲವು ವಸೂಲಾಗದ ಆಸ್ತಿಯ ವರ್ಗಕ್ಕೆ ಸೇರುತ್ತದೆ. ನಾಳೆ ಮಗಳ ವಿದ್ಯಾಭ್ಯಾಸಕ್ಕೆ ಸಾಲ ಕೇಳುವಾಗ ಇದೇ ಮಚ್ಚೆ ಎದುರು ನಿಲ್ಲುತ್ತದೆ. ಆದ್ದರಿಂದ ಜಗಳ ನಡೆಯುತ್ತಿದ್ದರೂ ಬ್ಯಾಂಕಿನ ಕಂತನ್ನು ತಾವೇ ತುಂಬಿ, ಆ ಹಣವನ್ನು ಮಾತು ಕೊಟ್ಟವನಿಂದ ವಸೂಲು ಮಾಡುವ ದಾರಿ ಹಿಡಿಯುವುದು ಲೇಸು.

ನಾಲ್ಕನೆಯದು ಜಾಮೀನು. ಕರಾರು ಕಾಯಿದೆಯ 128ನೆಯ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮನಾದದ್ದು. "ಮೊದಲು ಅವನನ್ನು ಕೇಳಿ, ಆಮೇಲೆ ನನ್ನನ್ನು" ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ಇಲ್ಲ. ಆದರೆ ಜಾಮೀನುದಾರನು ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರನಿಂದ ಮರಳಿ ಪಡೆಯುವ ಹಕ್ಕನ್ನು 145ನೆಯ ಕಲಂ ಕೊಡುತ್ತದೆ. ಇದಕ್ಕೆ ಅವರಿಬ್ಬರ ನಡುವೆ ಪ್ರತ್ಯೇಕ ಬರಹ ಬೇಕಾಗಿಲ್ಲ.

ರುಜುವಾತು ಎಲ್ಲಿಂದ ಬರುತ್ತದೆ

ಸಿವಿಲ್ ದಾವೆಯಲ್ಲಿ ಸಂಶಯಾತೀತ ರುಜುವಾತು ಬೇಕಾಗಿಲ್ಲ. ಯಾರ ಮಾತು ಹೆಚ್ಚು ಸಂಭವನೀಯ ಎಂದು ನ್ಯಾಯಾಧೀಶರು ತೂಗಿ ನೋಡುತ್ತಾರೆ. ಹಾಗೆ ತೂಗುವಾಗ ಕೆಳಗಿನವು ತೂಕ ಹೆಚ್ಚಿಸುತ್ತವೆ.

1. ಬ್ಯಾಂಕ್ ಖಾತೆಯ ವಿವರ. ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಎಂಟು ತಿಂಗಳು ಸತತವಾಗಿ, ಪ್ರತಿ 5ನೆಯ ತಾರೀಕಿನ ಆಸುಪಾಸಿನಲ್ಲಿ, ಒಂದೇ ಮೊತ್ತ ಜಮಾ ಆಗಿದ್ದರೆ ಅದು ಕಂತಿನ ಕರಾರಿನ ಪ್ರಬಲ ಕುರುಹು. 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯಿದೆಯಂತೆ, ಬ್ಯಾಂಕು ದೃಢೀಕರಿಸಿದ ನಕಲನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ನಗದಾಗಿ ಪಡೆದ ಕಂತಿಗೆ ಇಂಥ ಕುರುಹು ಇರುವುದಿಲ್ಲ. ಅಲ್ಲದೆ 20,000 ರೂಪಾಯಿ ಮತ್ತು ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನೂ, ಒಂದೇ ವ್ಯವಹಾರದಲ್ಲಿ 2,00,000 ರೂಪಾಯಿ ಮತ್ತು ಹೆಚ್ಚಿನ ನಗದು ಸ್ವೀಕರಿಸುವುದನ್ನೂ ಆದಾಯ ತೆರಿಗೆ ಕಾನೂನು ನಿಷೇಧಿಸುತ್ತದೆ.

2. ಸಂದೇಶಗಳು. "ಸರಿ ಮಾವ, ಮುಂದಿನ ತಿಂಗಳು ಎರಡು ಕಂತು ಒಟ್ಟಿಗೆ ಹಾಕುತ್ತೇನೆ" ಎಂಬ ಒಂದು ವಾಟ್ಸಾಪ್ ಸಾಲು, ಹತ್ತು ನೆಂಟರ ಸಾಕ್ಷಿಗಿಂತ ಬೆಲೆಯುಳ್ಳದ್ದಾಗಬಹುದು. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಮೊಬೈಲಿನ ಸಂದೇಶಗಳ ಪ್ರತಿಯನ್ನು ಹಾಜರುಪಡಿಸುವಾಗ ಅದರ 63ನೆಯ ಕಲಮಿನ ಪ್ರಮಾಣಪತ್ರ ಲಗತ್ತಿಸಬೇಕು. ಈ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿದ್ದು, ಒಂದನ್ನು ಪಕ್ಷಗಾರರೂ ಇನ್ನೊಂದನ್ನು ತಜ್ಞರೂ ತುಂಬಬೇಕು. ಮೂಲ ಸಂದೇಶಗಳಿರುವ ಫೋನನ್ನು ಜೋಪಾನ ಮಾಡಬೇಕು. ಹೊಸ ಫೋನು ಬಂತೆಂದು ಹಳೆಯದನ್ನು ವಿನಿಮಯಕ್ಕೆ ಕೊಡಬಾರದು.

3. ಸಾಕ್ಷಿದಾರರು. ಇಂತಿಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ. ನಂಬತಕ್ಕ ಒಬ್ಬರಿದ್ದರೂ ಸಾಕು. ಮಾತುಕತೆಯ ದಿನ ಎದುರಿದ್ದವರು, ಕೀಲಿ ಕೈಬದಲಾದಾಗ ಇದ್ದವರು ಯಾರೆಂದು ನೆನಪು ಹಸಿರಾಗಿರುವಾಗಲೇ ಬರೆದಿಟ್ಟುಕೊಳ್ಳಬೇಕು.

4. ನಡವಳಿಕೆ. ಕಾರು ಯಾರ ಕೈಯಲ್ಲಿದೆ, ವಿಮೆಯ ಕಂತು ಯಾರು ಕಟ್ಟಿದರು, ಸರ್ವಿಸ್ ಬಿಲ್ಲು ಯಾರ ಹೆಸರಿನಲ್ಲಿದೆ, ಫಾಸ್ಟ್ಯಾಗ್ ಯಾರ ಖಾತೆಗೆ ಜೋಡಣೆಯಾಗಿದೆ ಎಂಬುವೂ ಕರಾರನ್ನು ಸಮರ್ಥಿಸುತ್ತವೆ.

ಮೂರು ವರ್ಷದ ಗಡುವು

ನೆಂಟಸ್ತಿಕೆಯಲ್ಲಿ ಹಣ ಮುಳುಗುವುದು ಬಹಳ ಮಟ್ಟಿಗೆ ಇಲ್ಲಿಯೇ. "ಇಂದಲ್ಲ ನಾಳೆ ಕೊಡುತ್ತಾನೆ" ಎಂದು ಕಾಯುತ್ತಿರುವಾಗ ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. 1963ರ ಕಾಲಮಿತಿ ಕಾಯಿದೆಯಂತೆ ಇಂಥ ಹಣದ ದಾವೆಗೆ ಮೂರು ವರ್ಷಗಳ ಅವಧಿಯಿದೆ.

ಒಂದು ಉದಾಹರಣೆ ನೋಡೋಣ. ಮಾವ ತಮ್ಮ ಕಾರನ್ನು ಸೋದರಳಿಯನಿಗೆ 3,60,000 ರೂಪಾಯಿಗೆ ಮಾರಿದರು. ಮುಂಗಡ 60,000. ಉಳಿದ 3,00,000 ರೂಪಾಯಿಯನ್ನು ತಿಂಗಳಿಗೆ 15,000ದಂತೆ 20 ಕಂತುಗಳಲ್ಲಿ, 2023ರ ಏಪ್ರಿಲ್ 5ರಿಂದ 2024ರ ನವೆಂಬರ್ 5ರವರೆಗೆ ಕೊಡಬೇಕೆಂದು ಮಾತಾಯಿತು. ಮೊದಲ 8 ಕಂತು, ಅಂದರೆ 1,20,000 ರೂಪಾಯಿ ಬಂತು. ಉಳಿದ 12 ಕಂತಿನ 1,80,000 ಬರಲಿಲ್ಲ. ಮೊದಲು ತಪ್ಪಿದ್ದು 2023ರ ಡಿಸೆಂಬರ್ 5ರ ಕಂತು. ಅದರ ಗಡುವು 2026ರ ಡಿಸೆಂಬರ್ 5ಕ್ಕೆ ಮುಗಿಯುತ್ತದೆ. ಕೊನೆಯ ಕಂತಿನ ಗಡುವು 2027ರ ನವೆಂಬರ್ 5. ನಡುವೆ ಪ್ರತಿ ತಿಂಗಳೂ 15,000 ರೂಪಾಯಿ ಕಾಲಬಾಹಿರವಾಗುತ್ತ ಹೋಗುತ್ತದೆ. ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಒಮ್ಮೆಗೇ ಕೊಡಬೇಕೆಂದು ಮಾತಾಗಿದ್ದರೆ ಲೆಕ್ಕ ಬೇರೆಯಾಗಬಹುದು. ಆದ್ದರಿಂದ ಮೊದಲು ತಪ್ಪಿದ ದಿನದಿಂದಲೇ ಮೂರು ವರ್ಷ ಎಣಿಸಿಕೊಳ್ಳುವುದು ಕ್ಷೇಮ. ಇನ್ನೊಬ್ಬರ ಪರವಾಗಿ ಬ್ಯಾಂಕಿಗೆ ಕಂತು ತುಂಬಿದವರು ತಾವು ತುಂಬಿದ ಪ್ರತಿ ಕಂತಿನ ದಿನದಿಂದ ಎಣಿಸಬೇಕು.

ಗಡುವನ್ನು ಹೊಸದಾಗಿಸುವ ದಾರಿಯೂ ಇದೆ. ಗಡುವು ಮುಗಿಯುವ ಮೊದಲೇ, ಕೊಡಬೇಕಾದವನು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಆ ದಿನದಿಂದ ಮತ್ತೆ ಮೂರು ವರ್ಷ ದೊರೆಯುತ್ತದೆ. ಮೇಲಿನ ಉದಾಹರಣೆಯಲ್ಲಿ ಸೋದರಳಿಯನು 2025ರ ಆಗಸ್ಟ್ 10ರಂದು 1,80,000 ರೂಪಾಯಿ ಬಾಕಿಯಿದೆಯೆಂದು ಸಹಿ ಮಾಡಿದ್ದರೆ, ಗಡುವು 2028ರ ಆಗಸ್ಟ್ 10ರವರೆಗೆ ಸಾಗುತ್ತದೆ. ಬರಿಯ ಬಾಯಿಮಾತಿನ ಸಮಾಧಾನದಿಂದ ಗಡುವು ಹಿಗ್ಗುವುದಿಲ್ಲ.

ಮಾತನ್ನು ಬರಹಕ್ಕೆ ತರುವ ಬಗೆ

ವ್ಯವಹಾರ ಆಗಿಹೋಗಿದೆ, ಈಗ ಸ್ಟ್ಯಾಂಪ್ ಪೇಪರು ಕೇಳಲು ಸಂಕೋಚ ಎನ್ನುವವರಿಗೆ ಒಂದು ಸರಳ ಉಪಾಯವಿದೆ. ಆಗಿರುವ ಮಾತನ್ನೇ ನೆನಪಿಸುವ ಪತ್ರವೊಂದನ್ನು ಸೌಜನ್ಯದಿಂದ ಬರೆದು, ಉತ್ತರ ಕೇಳುವುದು. ಮಾದರಿ ಹೀಗಿರಬಹುದು:

"ಚಿರಂಜೀವಿ ______ನಿಗೆ ಆಶೀರ್ವಾದಗಳು. ನಾವೆಲ್ಲ ಕ್ಷೇಮ. 2023ರ ಮಾರ್ಚ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಮಾತಾದಂತೆ ______ ಸಂಖ್ಯೆಯ ಕಾರನ್ನು ನಿನಗೆ 3,60,000 ರೂಪಾಯಿಗೆ ಕೊಟ್ಟಿರುತ್ತೇನೆ. ಮುಂಗಡ 60,000 ಮತ್ತು 8 ಕಂತುಗಳ 1,20,000 ರೂಪಾಯಿ ನನಗೆ ಸಂದಿದೆ. ಇನ್ನು 12 ಕಂತುಗಳ 1,80,000 ರೂಪಾಯಿ ಬರಬೇಕಾಗಿದೆ. ನಿನ್ನ ಲೆಕ್ಕವೂ ಹೀಗೆಯೇ ಇದೆಯೆಂದು ನಂಬಿದ್ದೇನೆ. ವ್ಯತ್ಯಾಸವಿದ್ದರೆ ತಿಳಿಸು, ಇಲ್ಲದಿದ್ದರೆ ಈ ಪತ್ರದ ಕೆಳಗೆ ಒಪ್ಪಿಗೆಯೆಂದು ಬರೆದು ತಾರೀಕು ಹಾಕಿ ಸಹಿ ಮಾಡಿ ಕಳುಹಿಸು. ನಮ್ಮ ಮಕ್ಕಳ ಕಾಲಕ್ಕೆ ಲೆಕ್ಕ ಸ್ಪಷ್ಟವಾಗಿರಲಿ ಎಂಬುದಷ್ಟೇ ನನ್ನ ಉದ್ದೇಶ."

ಈ ಪತ್ರದಲ್ಲಿ ಆಕ್ಷೇಪಣೆಯಿಲ್ಲ, ಬೆದರಿಕೆಯಿಲ್ಲ. ಆದರೆ ವಾಹನ, ಬೆಲೆ, ಸಂದಾಯ, ಬಾಕಿ ಎಲ್ಲವೂ ಇವೆ. ಸಹಿ ಬಂದರೆ ಅದೇ ಲಿಖಿತ ಒಪ್ಪಿಗೆ. ಸಹಿ ಬಾರದೆ "ಸ್ವಲ್ಪ ಸಮಯ ಕೊಡಿ" ಎಂಬ ಉತ್ತರವಷ್ಟೇ ಬಂದರೂ ಕರಾರಿನ ಅಸ್ತಿತ್ವಕ್ಕೆ ಅದು ಪುರಾವೆ.

ಆರ್.ಸಿ.ಯನ್ನು ಮರೆಯಬಾರದು

"ಪೂರ್ತಿ ಹಣ ಬಂದ ಮೇಲೆ ಹೆಸರು ಬದಲಿಸೋಣ" ಎಂದು ಮಾರುವವರು ಯೋಚಿಸುವುದು ಸಹಜ. ಹಿಡಿತವಿರಲಿ ಎಂಬ ಭಾವನೆ. ಆದರೆ ಈ ಹಿಡಿತ ದುಬಾರಿಯಾಗಬಹುದು. ಕಾರನ್ನು ಮಾರಿದ ಮೇಲೂ ಆರ್.ಸಿ. ತಮ್ಮ ಹೆಸರಿನಲ್ಲಿಯೇ ಉಳಿದಿದ್ದರೆ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಒಡೆಯನ ಮೇಲೆಯೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವಿಮೆ ಜಾರಿಯಲ್ಲಿಲ್ಲದಿದ್ದರೆ ಆ ಹೊಣೆ ಕಾರಿನ ಬೆಲೆಯ ಹಲವು ಪಟ್ಟಾಗಬಹುದು. ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಅದೇ ರಾಜ್ಯದಲ್ಲಿ ನೋಂದಣಿಯಾದ ವಾಹನವಾದರೆ ಮಾರಿದವರು 14 ದಿನಗಳೊಳಗೆ, ಬೇರೆ ರಾಜ್ಯದ್ದಾದರೆ 45 ದಿನಗಳೊಳಗೆ ಆರ್.ಟಿ.ಓ.ಗೆ ವರ್ಗಾವಣೆಯ ವರದಿ ಕೊಡಬೇಕು. ಕೊಂಡವರಿಗೆ 30 ದಿನಗಳ ಅವಕಾಶವಿದೆ. ಮಹಾರಾಷ್ಟ್ರದ ಕಾರು ಉಡುಪಿಗೋ ಹುಬ್ಬಳ್ಳಿಗೋ ಹೋಗುವುದಾದರೆ ಮೂಲ ಆರ್.ಟಿ.ಓ.ದಿಂದ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕು. ಹಣಕ್ಕೆ ಭದ್ರತೆ ಬೇಕಿದ್ದರೆ ಹೆಸರು ಬದಲಿಸಿಕೊಟ್ಟು, ಕಂತುಗಳಿಗೆ ಮುಂದಿನ ತಾರೀಕಿನ ಚೆಕ್ಕುಗಳನ್ನು ಪಡೆಯುವುದು ಉತ್ತಮ ಮಾರ್ಗ.

ಕಂತು ಕಟ್ಟುತ್ತಿರುವವರಿಗೂ ಅಪಾಯವಿದೆ. ಪೂರ್ತಿ ಹಣ ಕೊಟ್ಟ ಮೇಲೂ ಆರ್.ಸಿ.ಯಲ್ಲಿರುವವರು ಹೆಸರು ಬದಲಿಸಿಕೊಡದಿರಬಹುದು. ಒಬ್ಬರ ಹಣದಲ್ಲಿ ಇನ್ನೊಬ್ಬರ ಹೆಸರಿನಲ್ಲಿ ಸ್ವತ್ತು ಕೊಳ್ಳುವುದಕ್ಕೆ ಬೇನಾಮಿ ವ್ಯವಹಾರಗಳ ನಿಷೇಧ ಕಾಯಿದೆಯ ತೊಡಕೂ ಉಂಟು. ಅದು ಚರ ಸ್ವತ್ತಿಗೂ ಅನ್ವಯಿಸುತ್ತದೆ. ಆದ್ದರಿಂದ ಅವರೂ ಹಣವನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಪ್ರತಿ ಪಾವತಿಯ ಟಿಪ್ಪಣಿಯಲ್ಲಿ "ಕಾರಿನ ಕಂತು" ಎಂದು ನಮೂದಿಸಬೇಕು.

ವಸೂಲಾತಿಯ ಹೆಜ್ಜೆಗಳು

ಸೌಜನ್ಯದ ಪತ್ರಕ್ಕೆ ಫಲ ಸಿಗದಿದ್ದರೆ ವಕೀಲರ ಮೂಲಕ ನೋಟೀಸು ಕೊಡಬೇಕು. ಕರಾರಾದ ದಿನ, ಸ್ಥಳ, ಷರತ್ತು, ಸಂದ ಹಣ, ಬಾಕಿ ಇವುಗಳ ಜತೆಗೆ ಬಡ್ಡಿಯ ಬೇಡಿಕೆಯನ್ನೂ ಅದರಲ್ಲಿ ನಮೂದಿಸಬೇಕು. ಬಡ್ಡಿಯ ಮಾತು ಆಗಿರದಿದ್ದರೆ, 1978ರ ಬಡ್ಡಿ ಕಾಯಿದೆಯಂತೆ ಬಡ್ಡಿ ಕೇಳಿದ ಲಿಖಿತ ನೋಟೀಸಿನ ದಿನದಿಂದ ಅದನ್ನು ಕೊಡಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ.

ಎರಡನೆಯ ಹೆಜ್ಜೆ ಲೋಕ ಅದಾಲತ್. ದಾವೆ ಹೂಡುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಇಬ್ಬರೂ ಒಪ್ಪಿದರೆ ಅಲ್ಲಿ ಆಗುವ ತೀರ್ಮಾನಕ್ಕೆ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲು ಇಲ್ಲ. ನೆಂಟರ ನಡುವಣ ವ್ಯಾಜ್ಯಕ್ಕೆ ಇದು ಹೇಳಿ ಮಾಡಿಸಿದ ದಾರಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಮೂರನೆಯದು ಸಿವಿಲ್ ದಾವೆ. ಬಾಯಿಮಾತಿನ ಕರಾರಿಗೆ ಶೀಘ್ರ ವಿಚಾರಣೆಯ 37ನೆಯ ಆದೇಶದ ಸೌಲಭ್ಯ ದೊರೆಯುವುದಿಲ್ಲ. ಸಾಧಾರಣ ದಾವೆಯನ್ನೇ ಹೂಡಬೇಕು. ಪ್ರತಿವಾದಿ ವಾಸಿಸುವ ಊರಿನಲ್ಲಿ ಅಥವಾ ದಾವೆಯ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಉಂಟಾದ ಊರಿನಲ್ಲಿ ದಾವೆ ಹೂಡಬಹುದು. ಮಾತುಕತೆ ಮುಂಬಯಿಯಲ್ಲಿ ನಡೆದಿದ್ದರೆ, ಸೋದರಳಿಯನು ಊರಿಗೆ ಮರಳಿದ್ದರೂ ಇಲ್ಲಿಯೇ ದಾವೆ ಹೂಡಲು ಆಧಾರವಿದೆ. ಡಿಕ್ರಿಯಾದ ಮೇಲೆ ಅದರ ಜಾರಿಗೆ 12 ವರ್ಷಗಳ ಅವಧಿಯಿದ್ದು, ಪ್ರತಿವಾದಿಯ ಬ್ಯಾಂಕ್ ಖಾತೆ, ಸಂಬಳದ ನಿಯಮಿತ ಭಾಗ, ಕಾರು ಇವುಗಳ ಜಪ್ತಿಗೆ ಅವಕಾಶವಿದೆ.

ಚೆಕ್ಕು ಕೊಟ್ಟಿದ್ದು ಅದು ಹಣವಿಲ್ಲದೆ ಮರಳಿದರೆ ದಾರಿ ಬೇರೆ. ಚೆಕ್ಕು ಮರಳಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟೀಸು, ನೋಟೀಸು ತಲುಪಿ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ 138ನೆಯ ಕಲಮಿನ ದೂರು. ಈ ಗಡುವುಗಳನ್ನು ತಪ್ಪಿಸಬಾರದು.

ಮಾಡಬಾರದ ಎರಡು ಕೆಲಸಗಳು

ಬಳಿಯಿರುವ ಎರಡನೆಯ ಕೀಲಿಯಿಂದ ಕಾರನ್ನು ರಾತ್ರೋರಾತ್ರಿ ತಂದುಬಿಡುವ ಯೋಚನೆ ಹಲವರಿಗೆ ಬರುತ್ತದೆ. ಒಪ್ಪಿಗೆಯಿಂದ ಇನ್ನೊಬ್ಬರ ವಶಕ್ಕೆ ಕೊಟ್ಟ ವಾಹನವನ್ನು ಹೀಗೆ ತಂದರೆ ಕಳವಿನ ದೂರನ್ನು ಎದುರಿಸಬೇಕಾದೀತು, ಆರ್.ಸಿ. ತಮ್ಮ ಹೆಸರಿನಲ್ಲಿದೆ ಎಂಬುದೊಂದೇ ರಕ್ಷಣೆಯಲ್ಲ.

ಎರಡನೆಯದು, ವಂಚನೆಯೆಂದು ಪೊಲೀಸ್ ಠಾಣೆಗೆ ಓಡುವುದು. ಮಾತು ಕೊಟ್ಟಾಗಲೇ ಮೋಸದ ಉದ್ದೇಶವಿದ್ದರೆ ಮಾತ್ರ ವಂಚನೆ. ಆಮೇಲೆ ಮಾತು ತಪ್ಪಿದರೆ ಅದು ಕರಾರಿನ ಭಂಗವಷ್ಟೆ ಎಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಎಂಟು ಕಂತು ಕಟ್ಟಿ ನಿಲ್ಲಿಸಿದವನಿಗೆ ಮೊದಲೇ ಮೋಸದ ಉದ್ದೇಶವಿತ್ತೆಂದು ತೋರಿಸುವುದು ಕಠಿಣ. ಠಾಣೆಗೆ ಅಲೆದಾಡುವಷ್ಟರಲ್ಲಿ ಸಿವಿಲ್ ದಾವೆಯ ಗಡುವು ಸವೆದುಹೋಗುತ್ತದೆ.

ನಮ್ಮ ಮನೆಗಳಲ್ಲಿ ಮದುವೆಯ ಮುಯ್ಯಿಯನ್ನು ಕೂಡ ಪುಸ್ತಕದಲ್ಲಿ ಬರೆದಿಡುವ ರೂಢಿಯುಂಟು. ಅದರಿಂದ ಯಾರಿಗೂ ಅವಮಾನವಾದದ್ದಿಲ್ಲ. ಲಕ್ಷಗಟ್ಟಲೆ ಬೆಲೆಯ ಕಾರಿನ ಲೆಕ್ಕಕ್ಕೂ ಅದೇ ಮರ್ಯಾದೆ ಸಲ್ಲಬೇಕು. ಈಗಾಗಲೇ ಇಂಥ ವ್ಯವಹಾರದಲ್ಲಿರುವ ಓದುಗರು ಮೊದಲು ಮಾಡಬೇಕಾದ ಕೆಲಸವೆಂದರೆ, ಕೊನೆಯ ಕಂತು ಬಂದ ದಿನವನ್ನೂ ಮೊದಲು ತಪ್ಪಿದ ಕಂತಿನ ದಿನವನ್ನೂ ಪಾಸ್‌ಬುಕ್ಕಿನಲ್ಲಿ ನೋಡಿ ಗುರುತು ಹಾಕಿಕೊಳ್ಳುವುದು.

ಸೂಚನೆ: ಈ ಲೇಖನವು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ನ್ಯಾಯಾಲಯದ ಶುಲ್ಕ ಮತ್ತು ಸ್ಟ್ಯಾಂಪಿನ ದರಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ, ದಾವೆಯ ಮುನ್ನ ಸ್ಥಳೀಯ ವಕೀಲರ ಸಲಹೆ ಪಡೆಯತಕ್ಕದ್ದು.